1963ರ ಹಾಡುಗಳು: ಬೇಂದ್ರೆಯಿಂದ ಸಾಹಿರ್‌ವರೆಗೆ

ಮಾಟುಂಗದ ನಮ್ಮ ಗೆಳೆಯರ ಬಳಗದಲ್ಲಿ ಹಳೆಯ ಹಾಡುಗಳ ಮಾತು ಬಂದಾಗಲೆಲ್ಲ ‘ಐವತ್ತರ ದಶಕ ಮೇಲೋ, ಅರವತ್ತರ ದಶಕ ಮೇಲೋ’ ಎಂಬ ವಾದ ತಪ್ಪಿದ್ದಲ್ಲ. ಇಡೀ ದಶಕವನ್ನು ಒಟ್ಟಾಗಿ ತೂಗುವುದಕ್ಕಿಂತ ಒಂದೇ ಒಂದು ವರ್ಷವನ್ನು ಆರಿಸಿಕೊಂಡು, ಆ ವರ್ಷ ಜನರ ಕಿವಿಗೆ ಬಿದ್ದ ಬೇರೆ ಬೇರೆ ಭಾಷೆಗಳ ಹಾಡುಗಳನ್ನು ಒಟ್ಟಿಗೆ ಕೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ಅನ್ನಿಸುತ್ತದೆ. ನಾನು ಆರಿಸಿಕೊಂಡ ವರ್ಷ 1963. ಮುಂಬಯಿಯ ಕನ್ನಡಿಗನಿಗೆ ಹಿಂದಿ, ಮರಾಠಿ, ಕೊಂಕಣಿ, ಕನ್ನಡ ನಾಲ್ಕೂ ಮನೆಯ ಆಚೀಚೆಯ ಭಾಷೆಗಳೇ ಆದ್ದರಿಂದ ಈ ಆಯ್ಕೆಯಲ್ಲಿ ನನ್ನ ಸ್ವಾರ್ಥವೂ ಇದೆ.

ಆ ವರ್ಷದ ವಿಶೇಷವೇನೆಂದು ಕೇಳಿದರೆ, ಪುಸ್ತಕದ ಕವಿತೆಗೂ ಬೀದಿಯ ಹಾಡಿಗೂ ನಡುವೆ ಇದ್ದ ಗೋಡೆ ಎಷ್ಟು ತೆಳುವಾಗಿತ್ತು ಎಂಬುದನ್ನೇ ನಾನು ಮೊದಲು ಹೇಳುತ್ತೇನೆ. ಹಿಂದಿ ಚಿತ್ರಗಳಿಗೆ ಹಾಡು ಬರೆದ ಉರ್ದು ಕವಿ ಸಾಹಿರ್ ಲುಧಿಯಾನ್ವಿ ಅವರೊಬ್ಬರ ಕೆಲಸವನ್ನೇ ನೋಡಬಹುದು. ಅವರು ಹಾಡು ಬರೆದ, ರೋಶನ್ ಅವರ ಸಂಗೀತದ ‘ತಾಜ್‌ಮಹಲ್’, ರವಿ ಅವರ ‘ಗುಮ್ರಾಹ್’, ಜಯದೇವ್ ಅವರ ‘ಮುಝೇ ಜೀನೇ ದೋ’ ಮೂರೂ ಅದೇ ವರ್ಷ ತೆರೆಕಂಡವು. ‘ತಾಜ್‌ಮಹಲ್’ನ ‘ಜೋ ವಾದಾ ಕಿಯಾ’ ರೇಡಿಯೋದ ಜನಪ್ರಿಯ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾದ ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಗುಮ್ರಾಹ್’ನ ‘ಚಲೋ ಏಕ್ ಬಾರ್ ಫಿರ್ ಸೇ’ ಹಾಡಿಗಾಗಿ ಮಹೇಂದ್ರ ಕಪೂರ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದಿತು, ಗಾಯಕ ಗಾಯಕಿಯರೆಲ್ಲರಿಗೂ ಸೇರಿ ಒಂದೇ ಪ್ರಶಸ್ತಿಯಿದ್ದ ಕಾಲದಲ್ಲಿ. ಆದರೆ ಈ ಮೂರರಲ್ಲಿ ನನ್ನ ಮನಸ್ಸು ನಿಲ್ಲುವುದು ‘ಮುಝೇ ಜೀನೇ ದೋ’ದ ‘ತೇರೇ ಬಚ್‌ಪನ್ ಕೋ’ ಎಂಬ ಜೋಗುಳದ ಬಳಿ. ಮಗುವಿನ ಬಾಲ್ಯಕ್ಕೆ ಯೌವನದ ಹರಕೆ ಕೊಡುವ ತಾಯಿ, ಹರಕೆ ಕೊಟ್ಟ ಮರುಕ್ಷಣವೇ ಅದಕ್ಕೆ ಹೆದರುತ್ತಾಳೆ. ಜೋಗುಳದಲ್ಲಿ ಭಯವನ್ನು ಇಷ್ಟು ಮೆಲ್ಲಗೆ ಇಟ್ಟವರು ಕಡಿಮೆ. ಜಯದೇವ್ ಕೂಡ ವಾದ್ಯಗಳನ್ನು ಹಿಂದೆ ಸರಿಸಿ ಲತಾ ಅವರ ದನಿಗೆ ಜಾಗ ಬಿಟ್ಟಿದ್ದಾರೆ.

ಬಿಮಲ್ ರಾಯ್ ಅವರ ‘ಬಂದಿನಿ’ಯನ್ನು ನಾನು ಆ ವರ್ಷದ ಶಿಖರವೆಂದು ತಿಳಿದಿದ್ದೇನೆ. ಎಸ್.ಡಿ. ಬರ್ಮನ್ ಅವರ ಸಂಗೀತದ ಈ ಚಿತ್ರದ ಹಾಡುಗಳಲ್ಲಿ ಹೆಚ್ಚಿನವು ಶೈಲೇಂದ್ರರವು. ‘ಮೋರಾ ಗೋರಾ ಅಂಗ್’ ಮಾತ್ರ ಗುಲ್ಜಾರ್ ಎಂಬ ಹೊಸಬರದು, ಅವರ ಹೆಸರನ್ನು ಜನ ಗುರುತಿಸುವಂತೆ ಮಾಡಿದ ಹಾಡು ಅದು. ಸೆರೆಮನೆಯ ಹೆಂಗಸರು ಬೀಸುಕಲ್ಲಿನ ಮುಂದೆ ಕುಳಿತಿರುವಾಗ ಆಶಾ ಭೋಸ್ಲೆಯವರ ದನಿಯಲ್ಲಿ ಬರುವ ‘ಅಬ್ ಕೇ ಬರಸ್ ಭೇಜ್’ ಹಾಡಿನಲ್ಲಿ ಮಗಳು ತಂದೆಗೆ ಕೇಳುವುದಿಷ್ಟೇ: ಈ ಶ್ರಾವಣದಲ್ಲಾದರೂ ಅಣ್ಣನನ್ನು ಕಳಿಸಿ ನನ್ನನ್ನು ಕರೆಸಿಕೋ. ‘ಪಂಚಮಿ ಹಬ್ಬಕ ಉಳಿದಾವ ದಿನ ನಾಕ, ಅಣ್ಣ ಬರಲಿಲ್ಲ ಯಾಕ ಕರಿಯಾಕ’ ಎಂಬ ಉತ್ತರ ಕರ್ನಾಟಕದ ಹಾಡನ್ನು ಕೇಳಿ ಬೆಳೆದವರಿಗೆ ಇದಕ್ಕೆ ವಿವರಣೆಯೇ ಬೇಡ. ಅದೇ ತಿಂಗಳು, ಅದೇ ತವರು, ಅದೇ ಬಾರದ ಅಣ್ಣ. ಹಿಂದಿ ಅಷ್ಟಾಗಿ ಬಾರದ ನಮ್ಮ ಹಿರಿಯರು ಕೂಡ ಈ ಹಾಡು ಬಂದಾಗ ಕೈಕೆಲಸ ನಿಲ್ಲಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅತ್ತ ಕನ್ನಡದಲ್ಲಿ ಇದೇ ಹೊತ್ತಿಗೆ ನಡೆದದ್ದನ್ನು ನಾವೇ ಸಾಕಷ್ಟು ಸಂಭ್ರಮಿಸಿಲ್ಲ ಎಂಬುದು ನನ್ನ ದೂರು. ಜಿ.ಕೆ. ವೆಂಕಟೇಶ್ ಅವರು ‘ಕುಲವಧು’ ಚಿತ್ರಕ್ಕೆ ಬೇಂದ್ರೆಯವರ ‘ಯುಗಯುಗಾದಿ ಕಳೆದರೂ’ ಕವಿತೆಯನ್ನು ಎಸ್. ಜಾನಕಿಯವರಿಂದ ಹಾಡಿಸಿದರು, ‘ಗೌರಿ’ ಚಿತ್ರಕ್ಕೆ ಕುವೆಂಪು ಅವರ ‘ಯಾವ ಜನ್ಮದ ಮೈತ್ರಿ’ಯನ್ನೂ ಕೆ.ಎಸ್. ನರಸಿಂಹಸ್ವಾಮಿಯವರ ‘ಇವಳು ಯಾರು ಬಲ್ಲೆಯೇನು’ ಕವಿತೆಯನ್ನೂ ತಂದರು. ಒಂದೇ ವರ್ಷದಲ್ಲಿ, ಒಬ್ಬನೇ ಸಂಗೀತ ನಿರ್ದೇಶಕನ ಕೈಯಲ್ಲಿ, ಮೂವರು ದೊಡ್ಡ ಕವಿಗಳು ಸಿನಿಮಾ ಹಾಡಾದರು. ಅದೇ ವೆಂಕಟೇಶ್ ಅದೇ ವರ್ಷ ‘ಕನ್ಯಾರತ್ನ’ಕ್ಕಾಗಿ ಪಿ.ಬಿ. ಶ್ರೀನಿವಾಸ್ ಅವರಿಂದ ‘ಬಿಂಕದ ಸಿಂಗಾರಿ’ಯನ್ನೂ ಹಾಡಿಸಿದರೆಂಬುದನ್ನು ನೆನೆದರೆ ಅವರ ಹರವು ತಿಳಿಯುತ್ತದೆ. ಇಂದಿಗೂ ಯುಗಾದಿಯ ಬೆಳಗ್ಗೆ ಮುಂಬಯಿಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಬೇವು ಬೆಲ್ಲಕ್ಕಿಂತ ಮೊದಲು ಬರುವುದು ಜಾನಕಿಯವರ ದನಿಯೇ; ಬೇಂದ್ರೆಯವರ ಸಂಕಲನವನ್ನು ತೆರೆದು ನೋಡದವರಿಗೂ ಆ ಕವಿತೆ ಬಾಯಿಪಾಠ.

ಹಿರಿಯರ ಪೈಕಿ ನೌಶಾದ್ ಅವರ ‘ಮೇರೇ ಮೆಹಬೂಬ್’ ಬಹಳ ಜನಪ್ರಿಯವಾಯಿತು, ಆದರೆ ಅದರ ವೈಭವ ನನಗೆ ಸ್ವಲ್ಪ ಭಾರವೆನ್ನಿಸುತ್ತದೆ. ಅದಕ್ಕಿಂತ ಓ.ಪಿ. ನಯ್ಯರ್ ಅವರ ‘ಫಿರ್ ವಹೀ ದಿಲ್ ಲಾಯಾ ಹೂಂ’ ಚಿತ್ರದ ಲವಲವಿಕೆಯೇ ಮೇಲು. ಶಂಕರ್–ಜೈಕಿಶನ್ ಅವರ ‘ದಿಲ್ ಏಕ್ ಮಂದಿರ್’ ಮದರಾಸಿನ ತಮಿಳು ಚಿತ್ರವೊಂದರ ಕತೆಗೆ ಮುಂಬಯಿಯ ಸಂಗೀತ ತೊಡಿಸಿದ ಚಿತ್ರ. ಜನವರಿ 27ರಂದು ದೆಹಲಿಯಲ್ಲಿ ನೆಹರೂ ಅವರ ಎದುರು ಲತಾ ಹಾಡಿದ ‘ಏ ಮೇರೇ ವತನ್ ಕೇ ಲೋಗೋ’ ಯಾವ ಸಿನಿಮಾದ್ದೂ ಅಲ್ಲ. ಪ್ರದೀಪ್ ಬರೆದು ಸಿ. ರಾಮಚಂದ್ರ ರಾಗ ಕೂಡಿಸಿದ ಆ ಹಾಡಿನಲ್ಲಿ ಚೀನಾ ಯುದ್ಧದ ನೋವು ಇನ್ನೂ ಹಸಿಯಾಗಿತ್ತು. ದೂರದ ಅಮೆರಿಕದಲ್ಲಿ ಆ ಜೂನ್ ತಿಂಗಳು ಕ್ಯು ಸಕಾಮೊಟೊ ಅವರ ಜಪಾನಿ ಭಾಷೆಯ ಹಾಡೊಂದು ಮೊದಲ ಸ್ಥಾನಕ್ಕೇರಿತ್ತು. ಭಾಷೆ ಗೊತ್ತಿಲ್ಲದೆಯೂ ಹಾಡನ್ನು ಪ್ರೀತಿಸುವ ಅಭ್ಯಾಸ ನಮ್ಮೊಬ್ಬರದೇ ಅಲ್ಲವಲ್ಲ!

ಹೊಸಬರ ಸಾಲಿನಲ್ಲಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ತೆರೆಕಂಡ ತಮ್ಮ ಮೊದಲ ಚಿತ್ರ ‘ಪಾರಸ್‌ಮಣಿ’ಯೊಡನೆ ಕಾಣಿಸಿಕೊಂಡರು. ಮಾಯಾಮಂತ್ರದ ಕಡಿಮೆ ಖರ್ಚಿನ ಚಿತ್ರವದು. ‘ವೋ ಜಬ್ ಯಾದ್ ಆಯೇ’ ಹಾಡಿನಿಂದಾಗಿ ಉಳಿದುಕೊಂಡಿದೆ. ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದವರು ಗೋವಾದ ಮಜೋರ್ಡಾ ಗ್ರಾಮದ ಆಂಥನಿ ಗೊನ್ಸಾಲ್ವಿಸ್. ಅಂದಿನ ಮುಂಬಯಿಯ ಧ್ವನಿಮುದ್ರಣಗಳಲ್ಲಿ ಗೋವೆಯ ಕ್ರೈಸ್ತ ವಾದ್ಯಗಾರರಿಲ್ಲದ ಮೇಳವನ್ನು ಊಹಿಸುವುದು ಕಷ್ಟ. ಶಂಕರ್–ಜೈಕಿಶನ್ ಮತ್ತು ನಯ್ಯರ್ ಇಬ್ಬರ ಹಾಡುಗಳಿಗೂ ವಾದ್ಯಸಂಯೋಜನೆ ಮಾಡುತ್ತಿದ್ದವರು ಸೆಬಾಸ್ಟಿಯನ್ ಡಿಸೋಜ. ಸ್ಪರ್ಧಿಗಳ ಸಂಗೀತ ಕೂಡ ಒಂದೇ ಕೈಯ ಸ್ವರಲಿಪಿಯಲ್ಲಿ ಹುಟ್ಟುತ್ತಿತ್ತೆಂಬ ಸಂಗತಿ ಹಾಡುಗಳನ್ನು ಎಚ್ಚರದಿಂದ ಕೇಳಿದಾಗ ಕಿವಿಗೇ ತಿಳಿಯುತ್ತದೆ. ಹೀಗೆ ಇತರರ ಹಾಡುಗಳಿಗೆ ದುಡಿದ ಫ್ರ್ಯಾಂಕ್ ಫರ್ನಾಂಡ್ ಅದೇ ವರ್ಷ ತಮ್ಮ ಭಾಷೆಯ ಕಡೆ ತಿರುಗಿ ‘ಆಮ್ಚೆಂ ನಶೀಬ್’ ಎಂಬ ಕೊಂಕಣಿ ಚಿತ್ರವನ್ನು ನಿರ್ಮಿಸಿದರು. ಪೋರ್ಚುಗೀಸರು ಗೋವೆಯನ್ನು ಬಿಟ್ಟು ಆಗಿನ್ನೂ ಎರಡು ವರ್ಷ. ಮರಾಠಿಯಲ್ಲಿ ಲತಾ ಅವರೇ ‘ಆನಂದಘನ’ ಎಂಬ ಗುಪ್ತನಾಮದಲ್ಲಿ ಭಾಲ್ಜಿ ಪೆಂಢಾರ್ಕರ್ ಅವರ ‘ಮೋಹಿತ್ಯಾಂಚೀ ಮಂಜುಳಾ’ಕ್ಕೆ ರಾಗ ಕೂಡಿಸಿದರು.

ಇವೆಲ್ಲದರ ನಡುವೆ ಮುಂಬಯಿಯ ಕನ್ನಡಿಗರು ತಪ್ಪದೆ ಕೇಳಬೇಕಾದದ್ದು ಅದೇ ವರ್ಷದ ಕನ್ನಡ ಚಿತ್ರ ‘ಸಂತ ತುಕಾರಾಂ’ನ ಹಾಡುಗಳನ್ನು. ಪುಣೆಯ ಬಳಿಯ ದೇಹೂವಿನ ಸಂತನ ಕತೆ, ಮಂಗಳೂರು ಮೂಲದ ಸುಂದರರಾವ್ ನಾಡಕರ್ಣಿಯವರ ನಿರ್ದೇಶನ, ರಾಜ್‌ಕುಮಾರ್ ಅವರ ಅಭಿನಯ, ವಿಜಯಭಾಸ್ಕರ್ ಅವರ ಸಂಗೀತ. ಮರಾಠಿ ಸಂತ ಜ್ಞಾನೇಶ್ವರರು ‘ಕಾನಡಾ’, ಅಂದರೆ ಕನ್ನಡದವನು, ಎಂದು ಕರೆದ ವಿಠ್ಠಲ, ಪಿ.ಬಿ. ಶ್ರೀನಿವಾಸ್ ಅವರ ‘ಜಯತು ಜಯ ವಿಠಲ’ದಲ್ಲಿ ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾನೆ. ಆಷಾಢ ಏಕಾದಶಿಯ ದಿನ ವಡಾಲದ ವಿಠ್ಠಲ ಮಂದಿರದ ಉದ್ದದ ಸಾಲಿನಲ್ಲಿ ಮರಾಠಿ ಅಭಂಗಗಳ ನಡುವೆ ಈ ಹಾಡನ್ನು ಗುನುಗುವ ಕನ್ನಡಿಗರು ಸಿಕ್ಕಿದರೆ, ಹಿಂದೆ ಮುಂದೆ ನಿಂತವರು ಯಾರೂ ಬೇರೆ ದೇವರೆಂದು ಭಾವಿಸುವುದಿಲ್ಲ; ‘ವಿಠ್ಠಲ’ ಬಂದಾಗ ಅವರೂ ದನಿಗೂಡಿಸುತ್ತಾರೆ.