ಪಟ್ಟಿಯಲ್ಲಿ ಅತ್ತೆಯ ಹೆಸರು

ಭಾವ ತೀರಿಕೊಂಡು ಮೂರು ತಿಂಗಳಾದ ಮೇಲೆ ಅಕ್ಕ ಬ್ಯಾಂಕಿಗೆ ಹೋದಳು. ಭಾವನ ಎಫ್‌ಡಿಗೆ ನಾಮಿನಿ ಇರಲಿಲ್ಲ, ಷೇರುಗಳಿಗೂ ಇರಲಿಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಎರಡನ್ನೂ ಕೊಟ್ಟರೂ ಮೊತ್ತ ಜಾಸ್ತಿ ಇದೆ, ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ತೀರಿಕೊಂಡವರ ಹಣ ಪಡೆಯಲು ವಾರಸುದಾರರಿಗೆ ಕೊಡುವ ಪತ್ರ, ತನ್ನಿ ಅಂದರು. ಹೆಂಡತಿ ನಾನೇ ಅಲ್ವಾ, ಇನ್ನೇನು ಬೇಕು ಇವರಿಗೆ ಅಂತ ಮನೆಗೆ ಬಂದು ಅತ್ತಳು.

ವಕೀಲರು ನಾವು ವಾರಸುದಾರರ ಹೆಸರು ಬರೆದುಕೊಂಡು ಹೋದ ಚೀಟಿ ನೋಡಿದರು. ಅದರಲ್ಲಿ ಇದ್ದದ್ದು ಅಕ್ಕ ಮತ್ತು ಅವಳ ಮಗಳು, ಇಬ್ಬರೇ. "ಅವರ ತಾಯಿ ಇದ್ದಾರಾ?" ಅಂದರು.

ಇದ್ದರು. ಊರಲ್ಲಿ. ಮಗ ಹೋದ ಮೇಲೆ ಅಕ್ಕನಿಗೂ ಅವರಿಗೂ ಮಾತು ಕಡಿಮೆಯಾಗಿತ್ತು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಹೋದ ಗಂಡಸಿನ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಮೊದಲ ಸಾಲಿನ ವಾರಸುದಾರಳು. ತಂದೆ ಆ ಸಾಲಿನಲ್ಲಿಲ್ಲ, ತಾಯಿ ಇದ್ದಾಳೆ. ಭಾವನ ಸ್ವಂತ ದುಡಿಮೆಯ ಹಣದಲ್ಲಿ ಮೂವರಿಗೂ ಸಮ ಪಾಲು.

ನೆಂಟರೊಬ್ಬರು ಸುಮ್ನೆ ಅಜ್ಜಿ ಹೆಸರು ಬಿಟ್ಟುಬಿಡಿ, ಬೇಗ ಆಗುತ್ತೆ ಅಂದರು. ದಯವಿಟ್ಟು ಹಾಗೆ ಮಾಡಬೇಡಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಸೆಕ್ಷನ್ ಪ್ರಕಾರ ಅರ್ಜಿಯಲ್ಲಿ ಮನೆಯವರ, ಹತ್ತಿರದ ಸಂಬಂಧಿಕರ ಹೆಸರು, ವಿಳಾಸ ಎಲ್ಲ ಬರೆಯಬೇಕು. ಮುಚ್ಚಿಟ್ಟು ಪಡೆದ ಪತ್ರ 383ರ ಅಡಿ ರದ್ದಾಗಬಹುದು. ಕಾನೂನು ಹಾಗಿರಲಿ, ಆ ಹೆಂಗಸು ಮಗನನ್ನು ಕಳೆದುಕೊಂಡವರು.

ಅಕ್ಕ ಅವತ್ತೇ ರಾತ್ರಿ ಫೋನ್ ಮಾಡಿದಳು.

ಅರ್ಜಿ ಹಾಕಬೇಕಾದದ್ದು ತೀರಿಕೊಂಡವರು ಕೊನೆಗೆ ವಾಸವಿದ್ದ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ. ಎಫ್‌ಡಿ ನಂಬರ್, ಷೇರುಗಳ ಲೆಕ್ಕ ಒಂದನ್ನೂ ಬಿಡದೆ ಬರೆಯಿರಿ, ಯಾಕಂದರೆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಆ ಪತ್ರ ನಡೆಯುವುದಿಲ್ಲ, ಮತ್ತೆ ಅರ್ಜಿ ಹಾಕಿ ಸೇರಿಸಬೇಕು. ಕೋರ್ಟ್ ಫೀ ಮೊತ್ತದ ಮೇಲೆ. ನಮಗೆ ತಡವಾಗಿದ್ದು ಹೆಸರಿನಿಂದ. ಮರಣ ಪತ್ರದಲ್ಲಿ ಇನಿಷಿಯಲ್ ಮುಂದೆ, ಎಫ್‌ಡಿಯಲ್ಲಿ ಪೂರ್ತಿ ಹೆಸರು. ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್, ಅದಕ್ಕೊಂದು ವಾಯಿದೆ. ಪೇಪರಿನಲ್ಲಿ ಪ್ರಕಟಣೆ ಆಯಿತು, ಯಾರೂ ತಕರಾರು ತರಲಿಲ್ಲ.

ಸಾಕ್ಷಿ ಹೇಳುವ ದಿನ ಅತ್ತೆ ಬೆಳಗಿನ ಬಸ್ಸಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮಗನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್. ಯಾರೂ ತರಲು ಹೇಳಿರಲಿಲ್ಲ, ಬೇಕಾದೀತು ಅಂತ ತಂದಿದ್ದರು. ಜಡ್ಜ್ ಕೇಳಿದಾಗ, ಪತ್ರ ಸೊಸೆಯ ಹೆಸರಿಗೇ ಕೊಡಿ, ನನ್ನ ತಕರಾರಿಲ್ಲ ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಅಕ್ಕನ ಕೈ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು.

ಈ ಪತ್ರ ಹಣ ವಸೂಲಿಗೆ ಅಧಿಕಾರ ಕೊಡುತ್ತದೆ, ಅಷ್ಟೇ. ಒಬ್ಬರ ಹೆಸರಿಗೆ ಬಂತು ಅಂತ ಉಳಿದವರ ಪಾಲು ಹೋಗುವುದಿಲ್ಲ. ನಾಮಿನಿ ವಿಷಯವೂ ಹಾಗೇ, ಷೇರಿನ ನಾಮಿನಿ ಮಾಲೀಕನಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಎಫ್‌ಡಿ ಹಣ ಬಂದ ವಾರವೇ ಅಕ್ಕ ಮೂರನೇ ಒಂದು ಪಾಲನ್ನು ಅತ್ತೆಯ ಖಾತೆಗೆ ಹಾಕಿದಳು.

ಭಾವನ ಹೆಸರಿನ ಸೈಟು ಇನ್ನೂ ಬಾಕಿ. ಜಮೀನು, ಮನೆಗೆ ಈ ಪತ್ರ ಸಲ್ಲುವುದಿಲ್ಲ, ಅದರ ಖಾತೆಗೆ ಬೇರೆಯೇ ಅರ್ಜಿ. ಈ ಸಲದ ಚೀಟಿಯನ್ನು ಅಕ್ಕನೇ ಬರೆದಿದ್ದಾಳೆ, ಅತ್ತೆಯ ಹೆಸರು ಮೊದಲಿದೆ.