ಮಣಿಕರಣದ ಕುದಿನೀರು, ಅದರಾಚೆಯ ಕಾಡು

ಪುತ್ತೂರು ಬಳಿ ಇರ್ದೆಯ ಬೆಂದ್ರು ತೀರ್ಥ ನೋಡಿದವರ ಪಾಲಿಗೆ ಬಿಸಿನೀರಿನ ಬುಗ್ಗೆ ಎಂದರೆ ಬೆಚ್ಚಗಿನ ಕೊಳ. ಅದೇ ಲೆಕ್ಕ ಹಾಕಿಕೊಂಡು ಮಣಿಕರಣಕ್ಕೆ ಹೋದರೆ ಕಾಲು ಸುಟ್ಟುಕೊಳ್ಳಬೇಕಾಗುತ್ತದೆ. ಹಿಮಾಚಲದ ಕುಲ್ಲು ಜಿಲ್ಲೆಯಲ್ಲಿ, ಪಾರ್ವತಿ ನದಿಯ ದಡದಲ್ಲಿ, ಸುಮಾರು 1,760 ಮೀಟರ್ ಎತ್ತರದಲ್ಲಿರುವ ಈ ಪುಟ್ಟ ಊರಿನ ನೆಲದಿಂದ ಉಕ್ಕುವುದು ನಿಜವಾಗಿಯೂ ಕುದಿನೀರು. ಅಷ್ಟು ಎತ್ತರದಲ್ಲಿ ನೀರು 94 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಇಲ್ಲಿಯ ಅತಿ ಬಿಸಿ ಬುಗ್ಗೆಗಳ ನೀರೂ ಹೆಚ್ಚುಕಮ್ಮಿ ಅಷ್ಟೇ ಕಾದಿರುತ್ತದೆ. ಸ್ನಾನದ ಕೊಳದಲ್ಲಿ ಇಳಿಯಲು ಆಗುವುದು ತಣ್ಣೀರು ಬೆರೆಸಿರುವುದರಿಂದ.

ಹತ್ತಿರದಲ್ಲಿ ಜ್ವಾಲಾಮುಖಿ ಯಾವುದೂ ಇಲ್ಲ. ಮಳೆಯ ಮತ್ತು ಕರಗಿದ ಹಿಮದ ನೀರು ಇಲ್ಲಿಯ ಗಟ್ಟಿ ಕ್ವಾರ್ಟ್ಜೈಟ್ ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಅಲ್ಲಿ ಕಾದು, ನದಿಯ ಅಂಚಿನಲ್ಲಿ ಮೇಲೇಳುತ್ತದೆ. ಶಿವ ಪಾರ್ವತಿಯರ ಕಥೆಯಲ್ಲಿ ಕಳೆದುಹೋದ ಮಣಿಯನ್ನು ಶೇಷನಾಗ ಬುಸುಗುಟ್ಟುತ್ತಾ ಹೊರಹಾಕಿದಾಗ ಹುಟ್ಟಿದ ನೀರಿದು. ಸಿಖ್ಖರಿಗೆ ಇದು ಗುರುನಾನಕರೂ ಅವರ ಸಂಗಾತಿ ಮರ್ದಾನನೂ ಬಂದು ಹೋದ ಜಾಗ. ಇದೇ ಶಾಖ ಬಳಸಿ ಹಿಂದೆ 7.5 ಟನ್ ಸಾಮರ್ಥ್ಯದ ಶೀತಲಗೃಹವನ್ನೂ ನಡೆಸಿ ನೋಡಿದ್ದರು ಎಂಬುದು ಪುರಾಣದಷ್ಟೇ ಸ್ವಾರಸ್ಯದ ಸಂಗತಿ.

ಕರ್ನಾಟಕದಿಂದ ಹೋಗುವವರಿಗೆ ಯಶವಂತಪುರದಿಂದ ಚಂಡೀಗಢದವರೆಗೆ ಸಂಪರ್ಕ ಕ್ರಾಂತಿ ರೈಲಿದೆ. ಇಲ್ಲವಾದರೆ ದೆಹಲಿಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು. ಮನಾಲಿಯ ಬಸ್ಸು ಹತ್ತಿ ಭುಂತರಿನಲ್ಲಿ ಇಳಿಯಬೇಕು. ನಿದ್ದೆಗಣ್ಣಿನಲ್ಲಿ ಕುಲ್ಲುವರೆಗೆ ಹೋಗಿ ವಾಪಸು ಬರುವವರು ಬೇಕಾದಷ್ಟಿದ್ದಾರೆ, ಕಂಡಕ್ಟರಿಗೆ ಮೊದಲೇ ಹೇಳಿಡಿ. ಭುಂತರಿನಲ್ಲಿ ಪಾರ್ವತಿ ನದಿ ಬಿಯಾಸ್ ಸೇರುತ್ತದೆ. ಅಲ್ಲಿಂದ ಜರಿ, ಕಸೋಲ್ ದಾಟಿ ಮಣಿಕರಣಕ್ಕೆ 35 ಕಿಲೋಮೀಟರ್. ದೂರ ಕಡಿಮೆಯಾದರೂ ರಸ್ತೆ ಕಿರಿದು. ಎರಡು ಬಸ್ಸು ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಮೇ–ಜೂನ್ ತಿಂಗಳ ವಾರಾಂತ್ಯದಲ್ಲಿ ಕಸೋಲಿನಲ್ಲೇ ವಾಹನಗಳು ಕಟ್ಟಿಕೊಂಡು ನಿಲ್ಲುತ್ತವೆ. ಬೆಳಗ್ಗೆ ಒಂಬತ್ತರೊಳಗೆ ಆ ದಾರಿ ದಾಟಿಬಿಡುವುದು ಕ್ಷೇಮ.

ಹೆಚ್ಚಿನವರು ನಾಲ್ಕು ಕಿಲೋಮೀಟರ್ ಹಿಂದಿನ ಕಸೋಲಿನಲ್ಲಿ ಕೋಣೆ ಹಿಡಿದು ಮಣಿಕರಣಕ್ಕೆ ಗಂಟೆಯ ಮಟ್ಟಿಗೆ ಬಂದು ಹೋಗುತ್ತಾರೆ. ತಿರುವುಮುರುವು ಮಾಡುವುದೇ ಮೇಲು. ಬುಗ್ಗೆಗಳಿಗೆ ಬೆಳಗಿನ ಜಾವ ಒಳ್ಳೆಯದು, ಕಾಡಿನ ದಾರಿಗೂ ಬೆಳಗೇ ಬೇಕು; ಇಲ್ಲೇ ಉಳಿದವರಿಗೆ ಎರಡೂ ಸಿಗುತ್ತವೆ. ಗುರುದ್ವಾರದಲ್ಲಿ ಯಾತ್ರಿಕರಿಗೆ ತಂಗಲು ವ್ಯವಸ್ಥೆಯಿದೆ, ಲಂಗರಿನ, ಅಂದರೆ ಅಲ್ಲಿಯ ಸಾಮೂಹಿಕ ಅಡುಗೆಮನೆಯ, ಊಟ ಎಲ್ಲರಿಗೂ ಉಚಿತ. ತಲೆ ಮುಚ್ಚಲು ಒಂದು ಕರವಸ್ತ್ರ ಸಾಕು. ಮರೆಯಬಾರದ್ದು ದಪ್ಪ ಕಾಲುಚೀಲ. ಒಳಗೆ ಹೋಗುವಾಗ ಚಪ್ಪಲಿ ಕಳಚಬೇಕು, ಬುಗ್ಗೆಯ ಮೇಲಿನ ಕಲ್ಲುಹಾಸು ಕೆಲವು ಕಡೆ ಬರಿಗಾಲಿಗೆ ತಡೆಯದಷ್ಟು ಬಿಸಿ. ಹಾಸಿದ ಹಲಗೆ, ಚಾಪೆಗಳ ಮೇಲೆಯೇ ನಡೆಯಿರಿ.

ಅಕ್ಕಿ ಬೇಯಿಸುವುದು ಇಲ್ಲಿಯ ದೊಡ್ಡ ಆಕರ್ಷಣೆ. ಅಂಗಡಿಗಳಲ್ಲಿ ಅಕ್ಕಿ, ಕಡಲೆಯ ಸಣ್ಣ ಬಟ್ಟೆಗಂಟು ಸಿಗುತ್ತದೆ. ದಾರವನ್ನು ಮೇಲೆ ಕಟ್ಟಿ ಗಂಟನ್ನು ಕುಂಡಕ್ಕೆ ಇಳಿಬಿಟ್ಟರೆ ಇಪ್ಪತ್ತು ನಿಮಿಷದ ಸುಮಾರಿಗೆ ಅನ್ನವಾಗುತ್ತದೆ. ಕೆಡುವುದು ಗಂಟು ಬಿಗಿಯಾದಾಗ: ಬೆಂದ ಅಕ್ಕಿ ಎರಡು ಮೂರು ಪಟ್ಟು ಉಬ್ಬುವುದರಿಂದ ಜಾಗ ಸಾಲದೆ ಹೊರಗಿನ ಪದರ ಮುದ್ದೆಯಾಗಿ ನಡುವಿನದು ಕಾಳುಕಾಳಾಗಿ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬದ ಸಡಿಲ ಗಂಟನ್ನೇ ಆರಿಸಿ. ಕಡಲೆಯನ್ನು ರಾತ್ರಿಯೆಲ್ಲ ನೆನೆಸಿರದಿದ್ದರೆ ಆ ಆಸೆ ಬಿಡುವುದು ವಾಸಿ. ಮನೆಯ ಕುಕ್ಕರಿನ ಒತ್ತಡ ಇಲ್ಲಿಲ್ಲ, 94 ಡಿಗ್ರಿಯಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ. ಲಂಗರಿನವರು ಮುಚ್ಚಳ ಬಿಗಿದ ದೊಡ್ಡ ಹಂಡೆಗಳನ್ನೇ ಕುಂಡದಲ್ಲಿ ಕೂರಿಸುತ್ತಾರೆ. ಬಗ್ಗಿ ಫೋಟೊ ತೆಗೆಯಲು ಹೋದರೆ ಹಬೆಗೆ ಲೆನ್ಸು ಮಂಜಾಗುತ್ತದೆ, ಕನ್ನಡಕ ಹಾಕಿದವರಿಗೆ ಮೆಟ್ಟಿಲೂ ಕಾಣುವುದಿಲ್ಲ.

ಸ್ನಾನಕ್ಕೆ ಗಂಡಸರಿಗೂ ಹೆಂಗಸರಿಗೂ ಬೇರೆ ಕೊಳಗಳಿವೆ. ಮೊದಲು ಪಾದ, ಆಮೇಲೆ ಮೊಣಕಾಲು, ಕೊನೆಗೆ ಮೈ. ಹತ್ತು ನಿಮಿಷಕ್ಕೆ ಎದ್ದುಬಿಡಿ. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ, ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಅದರಿಂದಲೇ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕಾಲು ಅದ್ದಿ ಕುಳಿತರೆ ಸಾಕು. ನದಿಯ ನೀರು ಮಂಜುಗಡ್ಡೆಯಷ್ಟು ತಣ್ಣಗಿದ್ದು ಸೆಳೆತವೂ ಜೋರು, ಅದಕ್ಕೆ ಇಳಿಯಲೇಬೇಡಿ. ಮೇಲೆ ಬರ್ಶೇಣಿಯ ಬಳಿ 800 ಮೆಗಾವಾಟ್ ಪಾರ್ವತಿ ಯೋಜನೆಯ ಅಣೆಕಟ್ಟೆಯಿದೆ. ನೀರು ಬಿಟ್ಟಾಗ ಒಣಗಿದಂತೆ ಕಾಣುವ ಬಂಡೆಗಳು ನೋಡುತ್ತಿದ್ದಂತೆ ಮುಳುಗುತ್ತವೆ. ಊರಿನ ಬೆನ್ನಿಗಿರುವ ಬೆಟ್ಟವೂ ಸಾಧುವಲ್ಲ. 2015ರ ಆಗಸ್ಟಿನಲ್ಲಿ ಬಂಡೆಗಳು ಗುರುದ್ವಾರದ ಕಟ್ಟಡದ ಮೇಲೇ ಉರುಳಿದ್ದವು, 2025ರ ಮಾರ್ಚಿನಲ್ಲಿ ಅದರ ಸಮೀಪ ಮರ ಬಿದ್ದು ಆರು ಮಂದಿ ಸತ್ತರು. ಜುಲೈ, ಆಗಸ್ಟ್ ತಿಂಗಳಲ್ಲಿ ಇತ್ತ ಬರದಿರುವುದು ಜಾಣತನ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ ಆಕಾಶ ತಿಳಿ, ಜನ ಕಡಿಮೆ.

ಇನ್ನು ಕಾಡು. ಕಸೋಲಿನಿಂದ ಗ್ರಾಹಣ್ ತೊರೆಯ ಗುಂಟ ಗ್ರಾಹಣ್ ಹಳ್ಳಿಗೆ ಎಂಟೊಂಬತ್ತು ಕಿಲೋಮೀಟರ್ ನಡಿಗೆ. ಅದು ಕಾನಾವರ್ ವನ್ಯಜೀವಿ ಅಭಯಾರಣ್ಯದ ಕಡೆಯ ದಾರಿ. ಹಿಮಾಲಯದ ತಾರ್ ಎಂಬ ಕಾಡುಮೇಕೆಗೆ ಹೆಸರಾದ ಅಭಯಾರಣ್ಯ ಅದು. ಮೊದಲರ್ಧ ಸಲೀಸು, ಕೊನೆಯ ಏರು ದಮ್ಮು ಕಟ್ಟಿಸುತ್ತದೆ. ಹೋಗಿ ಬರಲು ಇಡೀ ದಿನ ಬೇಕು.

ಖೀರ್‌ಗಂಗಾಕ್ಕೆ ಮಣಿಕರಣದಿಂದ ಬಸ್ಸಿನಲ್ಲಿ ಬರ್ಶೇಣಿ ತಲುಪಿ ಅಲ್ಲಿಂದ ಸುಮಾರು 12 ಕಿಲೋಮೀಟರ್ ಹತ್ತಬೇಕು. 2010ರಲ್ಲಿ ಘೋಷಣೆಯಾದ, 710 ಚದರ ಕಿಲೋಮೀಟರಿನ ಖೀರ್‌ಗಂಗಾ ರಾಷ್ಟ್ರೀಯ ಉದ್ಯಾನಕ್ಕೆ ಹೆಸರು ಕೊಟ್ಟ ಹುಲ್ಲುಗಾವಲು 2,950 ಮೀಟರ್ ಎತ್ತರದಲ್ಲಿದೆ. ಅಲ್ಲಿಯೂ ಬಿಸಿನೀರಿನ ಕೊಳವಿದೆ, ಹಿತವಾದ ಬಿಸಿ, ಸೋಪು ಹಚ್ಚಬಾರದು. ನಕ್ಥಾನ್, ರುದ್ರನಾಗ್ ಮೂಲಕ ಹೋಗುವ ದಾರಿ ಸ್ಪಷ್ಟ. ಕಲ್ಗಾ ಕಡೆಯ ಕಾಡುದಾರಿ ನೆರಳಿನದು ನಿಜ, ಆದರೆ ಕವಲುಗಳು ಜಾಸ್ತಿ, ಮೊಬೈಲ್ ಸಿಗ್ನಲ್ ಇಲ್ಲ. ಇಳಿಯುವಾಗ ಒಬ್ಬೊಬ್ಬರೇ ಅದನ್ನು ಹಿಡಿದು ದಾರಿ ತಪ್ಪುತ್ತಾರೆ. ಮೇಲೆ ಡೇರೆ ಹಾಕಲು ಬಿಡುತ್ತಾರೋ ಇಲ್ಲವೋ ಎಂಬ ನಿಯಮ ಆಗಾಗ ಬದಲಾಗುವುದರಿಂದ ಬರ್ಶೇಣಿಯಲ್ಲೇ ಕೇಳಿಕೊಂಡು ಹೊರಡಿ.

ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುತ್ತದೆ, ಆದರೆ ಸಾಮಾನ್ಯ ಪ್ರವಾಸಿಗರಿಗೆ ಈ ಕಣಿವೆಯಿಂದ ನೇರ ದಾರಿಯಿಲ್ಲ. ಮತ್ತೆ ಭುಂತರಿಗಿಳಿದು, ಔಟ್ ಎಂಬ ಊರಿನಿಂದ ತೀರ್ಥನ್ ಇಲ್ಲವೇ ಸೈಂಜ್ ಕಣಿವೆಗೆ ತಿರುಗಬೇಕು. 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಉದ್ಯಾನದೊಳಗೆ ವಾಹನದ ರಸ್ತೆಯೇ ಇಲ್ಲ, ಎಲ್ಲವೂ ನಡಿಗೆ. ಪರವಾನಗಿಗೆ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಸ್ಥಳೀಯ ಗೈಡನ್ನು ಮಾಡಿಕೊಳ್ಳಿ. ತೀರ್ಥನ್ ಕಡೆ ಗುಶೈನಿಯಿಂದ ನದಿಯ ಗುಂಟ ರೋಲಾವರೆಗಿನ ದಾರಿ ಒಂದು ದಿನಕ್ಕೆ ಸಾಕಾಗುವಷ್ಟಿದೆ. ಸ್ಥಳೀಯರು ಜುಜುರಾಣಾ ಎನ್ನುವ ವೆಸ್ಟರ್ನ್ ಟ್ರಾಗೊಪಾನ್ ಹಕ್ಕಿಗಾಗಿ ಬರುವವರಿಗೆ ಮಾತ್ರ ಇಷ್ಟು ಸಾಲದು. ಅದರ ಕೂಗು ಕೇಳಲು ವಸಂತದಲ್ಲಿ ಇನ್ನೂ ಎತ್ತರದ ಕಾಡಿನಲ್ಲಿ ಡೇರೆ ಹಾಕಿ ಉಳಿಯಬೇಕು, ಆಗ ಮೇಲಿನ ದಾರಿಯಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ.