ಅಳತೆ ತೆಗೆದವನಿಗೆ ಗೊತ್ತಿದ್ದ ವಿಷಯ

ನಾನು ಗಂಡಸರ ಸೂಟು, ಶೇರ್ವಾನಿ ಹೊಲಿಯುವವನು. ಆಸ್ಕರ್‌ನದು, ನ್ಯೂಯಾರ್ಕಿನ ದೊಡ್ಡ ಫ್ಯಾಷನ್ ಸಮಾರಂಭ ಮೆಟ್ ಗಾಲಾದ್ದು, ಎರಡರ ಫೋಟೊಗಳನ್ನೂ ಪ್ರತಿ ವರ್ಷ ಬಿಡದೆ ನೋಡುತ್ತೇನೆ. ಹಿಂದೆಲ್ಲ ರೆಡ್ ಕಾರ್ಪೆಟ್ ಅಂದರೆ ಹೆಂಗಸರ ಗೌನು ಅಷ್ಟೇ. ಗಂಡಸರೆಲ್ಲ ಕಪ್ಪು ಟಕ್ಸಿಡೊ, ಬಿಳಿ ಅಂಗಿ, ಕತ್ತಿಗೊಂದು ಬೋ. ನಮ್ಮಂಥವರಿಗೆ ಕಲಿಯೋಕೆ ಜಾಸ್ತಿ ಏನೂ ಸಿಗುತ್ತಿರಲಿಲ್ಲ. 2018ರಲ್ಲಿ ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ ನನ್ನ ಕಣ್ಣು ತೆರೆಸಿದರು.

ಆ ಫೆಬ್ರವರಿಯಲ್ಲಿ ಅವರ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾ ಬಂದಿತ್ತು. ಮಾರ್ಚ್‌ನಲ್ಲಿ ಆಸ್ಕರ್‌ಗೆ ಜಿವಾಂಶಿ ಅನ್ನುವ ಫ್ಯಾಷನ್ ಕಂಪನಿಯವರ ಉದ್ದನೆಯ ಕಪ್ಪು ಕೋಟು ಹಾಕಿಕೊಂಡು ಬಂದರು, ಅದರ ಮೇಲೆ ಬೆಳ್ಳಿ ಬಣ್ಣದ ಕಸೂತಿ. ಮೇ ತಿಂಗಳ ಮೆಟ್ ಗಾಲಾದಲ್ಲಿ ವರ್ಸಾಚೆಯವರ ಬಿಳಿ ಸೂಟು, ಹೆಗಲಿಂದ ಇಳಿದ ಕೇಪು, ಮೈತುಂಬ ಚಿನ್ನದ ಬಣ್ಣದ ಶಿಲುಬೆಗಳು. ಆ ಸಲದ ವಿಷಯವೇ ಕ್ಯಾಥೊಲಿಕ್ ಧರ್ಮ ಮತ್ತು ಉಡುಪು. ಮರುವರ್ಷದ ಆಸ್ಕರ್‌ನಲ್ಲಿ ಮಿರಮಿರ ಮಿಂಚುವ ಕಡುನೀಲಿ ಕೋಟು. ನಟ ಬಿಲ್ಲಿ ಪೋರ್ಟರ್, ಮೇಲೆ ಟಕ್ಸಿಡೊ, ಕೆಳಗೆ ಗೌನು ಇರುವ ಉಡುಪಿನಲ್ಲಿ ಬಂದಿದ್ದು ಅದೇ ರಾತ್ರಿ. ಅಷ್ಟು ಕಸೂತಿ ತುಂಬಿದ ಬಟ್ಟೆ ಹಾಕಿದರೆ ಬಹಳ ಜನರಲ್ಲಿ ಬಟ್ಟೆ ಮಾತ್ರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಇವರಲ್ಲಿ ಮೊದಲು ಮನುಷ್ಯನೇ ಕಾಣುತ್ತಿದ್ದರು. ನೇರವಾದ ಬೆನ್ನು, ಆತುರವಿಲ್ಲದ ನಡಿಗೆ. ಗಿರಾಕಿಗಳಿಗೆ ತೋರಿಸೋಕೆ ಅಂತ ಆ ಫೋಟೊಗಳನ್ನು ಫೋನಲ್ಲಿ ಇಟ್ಟುಕೊಂಡಿದ್ದೆ.

2020ರ ಆಗಸ್ಟ್ 29, ಶನಿವಾರ. ಬೆಳಿಗ್ಗೆ ಒಂದು ಕೋಟಿಗೆ ತೋಳು ಕೂರಿಸುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಫೋನ್ ತಂದು ಮುಂದೆ ಹಿಡಿದ. “ಮಾಸ್ಟ್ರೇ, ನಿಮ್ಮ ಹೀರೊ ಹೋಗಿಬಿಟ್ರಂತೆ.”

ನಲವತ್ತಮೂರು ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್. ಮನೆಯವರ ಹೇಳಿಕೆ ಓದಿದೆ. ಕಾಯಿಲೆ ಗೊತ್ತಾಗಿದ್ದು 2016ರಲ್ಲಿ, ಆಗಲೇ ಮೂರನೇ ಹಂತ. ಆಮೇಲೆ ನಾಲ್ಕನೆಯದಕ್ಕೆ ಹೋಯಿತು. ಸಾಲು ಸಾಲು ಸಿನಿಮಾಗಳನ್ನು ಆಪರೇಷನ್, ಕೀಮೊಗಳ ನಡುವೆಯೇ ಮಾಡಿದ್ದರು. ಅಂದರೆ ಆ ಬೆಳ್ಳಿ ಕಸೂತಿ, ಆ ಬಿಳಿ ಕೇಪು, ಆ ನೀಲಿ ಕೋಟು ಎಲ್ಲವೂ ಕಾಯಿಲೆ ಗೊತ್ತಾದ ಮೇಲಿನವು. ಸೂಜಿ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಡೆ ಅವರ ಹಳೆಯ ಫೋಟೊಗಳು. ಇಲ್ಲಿ ಕೆನ್ನೆ ಒಳಗೆ ಹೋಗಿದೆ ನೋಡಿ, ಇಲ್ಲಿ ಕೋಟು ಸಡಿಲವಾಗಿದೆ ನೋಡಿ ಅಂತ ಗುರುತು ಹಾಕಿ ಹಂಚುತ್ತಿದ್ದರು. ಆ ಏಪ್ರಿಲ್‌ನಲ್ಲಿ ಅವರು ಒಂದು ವಿಡಿಯೊ ಹಾಕಿದ್ದರು. ಕಪ್ಪು ಜನರು ಹೆಚ್ಚಾಗಿ ಹೋಗುವ ಆಸ್ಪತ್ರೆಗಳಿಗೆ 42 ಲಕ್ಷ ಡಾಲರ್ ಬೆಲೆಯ ಮಾಸ್ಕು, ಗ್ಲೌಸಿನಂಥ ಸಾಮಾನು ಕೊಡುವ ವಿಷಯ ಹೇಳೋಕೆ. ಅದನ್ನು ಕೇಳಿಸಿಕೊಳ್ಳದೆ, ಯಾಕೆ ಹೀಗೆ ಬಡಕಲಾಗಿದ್ದಾನೆ ಅಂತ ಹಂಗಿಸಿದವರೇ ಜಾಸ್ತಿ. ಈಗ ಕೆಲವರು ಇನ್ನೊಂದು ರಾಗ ತೆಗೆದಿದ್ದರು: “ನಮಗೆ ಮೊದಲೇ ಹೇಳಬೇಕಿತ್ತು.” ನನಗೆ ಸಿಟ್ಟು ಬಂತು. ಅವರ ಬಟ್ಟೆಯಲ್ಲಿ ಕಾಯಿಲೆಯ ಗುರುತು ಹುಡುಕೋಕೆ ನನಗಂತೂ ಮನಸ್ಸಾಗಲಿಲ್ಲ. ಯಾರಿಗೂ ಕಾಣಬಾರದು ಅಂತ ಒಬ್ಬ ಮನುಷ್ಯ ಅಷ್ಟು ಕಷ್ಟಪಟ್ಟಿದ್ದನ್ನು ಸತ್ತ ಮೇಲೆ ಕೆದಕಿ ನೋಡುವುದು ಯಾವ ಗೌರವ?

ಇಷ್ಟು ಸಿಟ್ಟು ಬರೋಕೆ ಕಾರಣ ನಮ್ಮ ಚಿಕ್ಕಪ್ಪ.

ಹಿಂದಿನ ವರ್ಷ ಅವರ ಮಗಳ ಮದುವೆ. ಅಳತೆ ಕೊಡೋಕೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದರು. ಬಾಗಿಲು ಹಾಕು ಅಂದರು. ಹಾಕಿದೆ. “ನಿನಗೆ ಹೇಳದೆ ವಿಧಿಯಿಲ್ಲ ಕಣೋ. ನಾನು ಮುಚ್ಚಿಟ್ಟರೂ ನಿನ್ನ ಟೇಪು ಹೇಳಿಬಿಡುತ್ತೆ” ಅಂದರು. ಅದೇ ಕಾಯಿಲೆ. ಚಿಕ್ಕಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. “ಮದುವೆ ಮನೇಲಿ ಎಲ್ಲರೂ ನನ್ನ ಮುಖ ನೋಡ್ಕೊಂಡು ಕೂರಬಾರದು. ಮಗಳನ್ನ ನೋಡಬೇಕು. ಅದಕ್ಕೆ ಏನು ಮಾಡಬೇಕೋ ಮಾಡು.”

ಅಷ್ಟು ಕಾಳಜಿಯಿಂದ ನಾನು ಬೇರೆ ಯಾವ ಕೋಟನ್ನೂ ಹೊಲಿದಿಲ್ಲ. ಮೈ ಇಳಿದಾಗ ಮೊದಲು ಗೊತ್ತಾಗುವುದು ಕತ್ತಿನಲ್ಲಿ. ಕಾಲರ್ ಹಿಂದೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಅದಕ್ಕೇ ಟೈ ಕಟ್ಟುವ ಸೂಟು ಬೇಡ, ಕತ್ತು ಮುಚ್ಚುವ ಜೋಧಪುರಿ ಹೊಲಿಯೋಣ ಅಂದೆ. ಕೀಮೊ ಕೊಡೋಕೆ ಅಂತ ಕೊರಳೆಲುಬಿನ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಕೂರಿಸಿದ್ದ ಪೋರ್ಟು ಅನ್ನುವ ಪುಟ್ಟ ಸಾಧನ ಕೂಡ ಅದರಲ್ಲಿ ಕಾಣುವುದಿಲ್ಲ. ಭುಜಕ್ಕೆ ತೆಳು ಪ್ಯಾಡುಗಳನ್ನು ಒಂದರ ಮೇಲೊಂದು ಇಟ್ಟೆ. ಎದೆಗೆ ಒಂದು ಪದರ ಹೆಚ್ಚು ಕ್ಯಾನ್ವಾಸ್ ಕೊಟ್ಟೆ. ಹೊಟ್ಟೆಯ ಮೇಲೆ ಆಪರೇಷನ್ನಿನ ಗಾಯ, ಬೆಲ್ಟ್ ಒತ್ತಬಾರದು. ಪ್ಯಾಂಟಿನ ಸೊಂಟಕ್ಕೆ ಎರಡೂ ಪಕ್ಕ ಒಳಗಿಂದ ಎಲಾಸ್ಟಿಕ್ ಹಾಕಿದೆ.

ಗುಂಡಿಯದ್ದೇ ದೊಡ್ಡ ಕಷ್ಟ. ಈ ಕ್ಯಾನ್ಸರ್‌ಗೆ ಕೊಡುವ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧ ಬೆರಳ ತುದಿಯನ್ನು ಜೋಮು ಹಿಡಿಸುತ್ತದೆ. ತಣ್ಣನೆಯದು ಮುಟ್ಟಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ಟ್ರಯಲ್ ನೋಡುವಾಗ ಚಿಕ್ಕಪ್ಪ ಮೊದಲ ಗುಂಡಿಯೊಂದಿಗೆ ಬಹಳ ಹೊತ್ತು ಗುದ್ದಾಡಿದರು. ನಾನು ಹಾಕಿಕೊಡೋಕೆ ಹೋದರೆ ಕೈ ಸರಿಸಿದರು. ಮೇಲೆ ಅಂದಕ್ಕೆ ಗುಂಡಿ ಹೊಲಿದು, ಒಳಗೆ ಟಿಚ್ ಬಟನ್ ಇಟ್ಟೆ. ಅಂಗೈಯಿಂದ ಒತ್ತಿದರೆ ಸಾಕು. ಒಂದೊಂದು ಕೀಮೊಗೂ ತೂಕ ಏರುಪೇರಾಗುತ್ತಿತ್ತು. ಹಾಗಾಗಿ ಪಕ್ಕದ ಹೊಲಿಗೆಗಳನ್ನು ಕಚ್ಚಾದಲ್ಲೇ ಬಿಟ್ಟು, ಮದುವೆಯ ಹಿಂದಿನ ಸಂಜೆ ಗಟ್ಟಿ ಮಾಡಿದೆ.

ಮದುವೆಯ ದಿನ ಅವರು ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಂಡರು. “ಸಣ್ಣಗಾಗಿದ್ದೀರಿ, ವಾಕಿಂಗ್ ಜೋರಾ?” ಅಂತ ಯಾರೋ ಕೇಳಿದರು. ಹೂಂ ಅಂದು ನಕ್ಕರು. ಅದನ್ನು ನಾನು ಸುಳ್ಳು ಅಂತ ಕರೆಯಲಾರೆ. ಆವತ್ತು ಅವರು ರೋಗಿಯಾಗಿರಲಿಲ್ಲ, ಹೆಣ್ಣಿನ ತಂದೆಯಾಗಿದ್ದರು. 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಮಗಳಿಗೆ ವಿಷಯ ತಿಳಿದಿದ್ದು ಕೊನೆಯ ದಿನಗಳಲ್ಲಿ. ನನಗೆ ಮೊದಲೇ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ನನ್ನ ಜೊತೆ ಮಾತು ಬಿಟ್ಟಳು.

ಆ ಶನಿವಾರ ಸಂಜೆ ಅವಳ ಫೋನ್ ಬಂತು.

“ಅಣ್ಣಾ, ಆ ನಟನ ಸುದ್ದಿ ನೋಡಿದ್ಯಾ?” ಅಂದಳು. ನೋಡಿದೆ ಅಂದೆ. “ಅವರ ಹೆಂಡತಿಗೆ, ಮನೆಯವರಿಗೆ ಎಲ್ಲ ಗೊತ್ತಿತ್ತಂತೆ. ಕೊನೆಗೆ ಜೊತೆಗೇ ಇದ್ದರಂತೆ.” ಸ್ವಲ್ಪ ಹೊತ್ತು ಅತ್ತಳು. “ಜನಕ್ಕೆ ಹೇಳಬೇಕಿರಲಿಲ್ಲ. ಅದು ನನಗೂ ಅರ್ಥ ಆಗುತ್ತೆ. ನಾನು ಜನ ಅಲ್ವಲ್ಲ.”

ನನ್ನ ಬಳಿ ಉತ್ತರವಿರಲಿಲ್ಲ. ಬೆಳಿಗ್ಗೆಯಿಂದ ಗುಟ್ಟಿನ ಪರವಾಗಿ ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಅವಳ ಮಾತು ಆ ವಾದವನ್ನು ಸರಿಯಾಗಿ ಎರಡು ಭಾಗ ಮಾಡಿತು. ಮಂಟಪದ ಬಾಗಿಲಲ್ಲಿ ನಿಂತವರಿಗೆ ಚಿಕ್ಕಪ್ಪ ಏನೂ ಬಾಕಿ ಇರಲಿಲ್ಲ. ಅವಳಿಗೆ ಇದ್ದರು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಬೋಸ್‌ಮನ್‌ಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಅವರ ಹೆಂಡತಿ ಟೇಲರ್ ಸಿಮೋನ್ ಲೆಡ್ವರ್ಡ್ ಅಳುತ್ತಲೇ, ಅವರಂತೆ ಮಾತಾಡೋಕೆ ನನಗೆ ಬಾರದು ಅನ್ನುವ ಅರ್ಥದಲ್ಲಿ ಹೇಳಿದರು. ಏಪ್ರಿಲ್‌ನ ಆಸ್ಕರ್‌ನಲ್ಲಿ ಉತ್ತಮ ನಟ ಪ್ರಶಸ್ತಿಯನ್ನು ಕಟ್ಟಕಡೆಗೆ ಇಟ್ಟರು. ಎಲ್ಲರೂ ಇವರ ಹೆಸರಿಗೆ ಕಾದರು, ಬಂದಿದ್ದು ಆಂಥನಿ ಹಾಪ್ಕಿನ್ಸ್ ಹೆಸರು. ಅವರೂ ಅಲ್ಲಿರಲಿಲ್ಲ. ಕಾರ್ಯಕ್ರಮ ಅಲ್ಲಿಗೇ ಮುಗಿಯಿತು. ತಂಗಿಯೂ ನಾನೂ ಅದರ ಬಗ್ಗೆ ಮಾತಾಡಿಕೊಂಡೆವು. ಅಷ್ಟರಲ್ಲಿ ಮೊದಲಿನಂತೆ ಮಾತು ಶುರುವಾಗಿತ್ತು.

ಫೋನ್ ಮಾಡಿದ ಆ ಶನಿವಾರ ಸಂಜೆಯೇ ಅವಳು ಇನ್ನೊಂದು ಕೇಳಿದ್ದಳು: “ಅಪ್ಪನಿಗೆ ಯಾವಾಗಿಂದ ಶುರುವಾಗಿತ್ತು?” ಚಿಕ್ಕಮ್ಮನನ್ನು ಕೂರಿಸಿಕೊಂಡು ಎಲ್ಲ ಕೇಳಿದಳು. ಮಲದಲ್ಲಿ ರಕ್ತ ಹೋಗುತ್ತಿತ್ತಂತೆ. ಪೈಲ್ಸ್ ಇರಬೇಕು ಅಂತ ತಿಂಗಳುಗಟ್ಟಲೆ ಸುಮ್ಮನಿದ್ದರಂತೆ. ಬರೆದುಕೊಂಡು ಡಾಕ್ಟರ ಹತ್ತಿರ ಹೋದಳು. ತಂದೆಗೆ ಇತ್ತು ಅಂದರೆ ನೀವು ನಲವತ್ತಕ್ಕೇ ಕೊಲೊನೋಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಮಾಡಿಸಬೇಕು, ರಕ್ತ ಕಂಡರೆ ವಯಸ್ಸು ಕಾಯಬೇಡಿ ಅಂದರಂತೆ. ಅಮೆರಿಕದಲ್ಲಂತೂ ಮನೆಯಲ್ಲಿ ಯಾರಿಗೂ ಇಲ್ಲದವರಿಗೂ ಪರೀಕ್ಷೆ ಶುರುಮಾಡುವ ವಯಸ್ಸನ್ನು 2021ರಲ್ಲಿ ಐವತ್ತರಿಂದ ನಲವತ್ತೈದಕ್ಕೆ ಇಳಿಸಿದರು. ಒಡಹುಟ್ಟಿದವರಿಗೂ ಅಪಾಯ ಹೆಚ್ಚು ಅಂತ ಡಾಕ್ಟರ್ ಹೇಳಿದ್ದನ್ನು ಅವಳು ನನಗೆ ಒತ್ತಿ ಹೇಳಿದಳು. ಚಿಕ್ಕಪ್ಪನ ಒಡಹುಟ್ಟಿದವರು ಅಂದರೆ ನಮ್ಮಪ್ಪ.

ಅಪ್ಪ ಬಹಳ ಸತಾಯಿಸಿ ಒಪ್ಪಿಕೊಂಡರು. ದೊಡ್ಡ ಕರುಳಿನಲ್ಲಿ ಒಂದು ಪಾಲಿಪ್, ಅಂದರೆ ಸಣ್ಣ ಗಂಟು, ಸಿಕ್ಕಿತು. ಕ್ಯಾನ್ಸರ್ ಆಗಿರಲಿಲ್ಲ. ಪರೀಕ್ಷೆ ಮಾಡುವಾಗಲೇ ತೆಗೆದುಬಿಟ್ಟರು. ಆಸ್ಪತ್ರೆಯಿಂದ ಬರುವಾಗ, “ಇದನ್ನ ಯಾರಿಗೂ ಹೇಳ್ಬೇಡ” ಅಂದರು. ಊರಿಗೆಲ್ಲ ಹೇಳಲ್ಲಪ್ಪ ಅಂದೆ. ಅವರ ಪಕ್ಕದಲ್ಲೇ ಕೂತು ತಂಗಿಗೆ ಫೋನ್ ಮಾಡಿದೆ.